ಕಡಿವಾಣದ ಚರಿತ್ರೆ

ಒಂಟಿಯಾಗಿ ನಡೆಯುವಾಗ ಸಾಧುವಾಗಿರುವ ಕುದುರೆಯು ಹತ್ತು ಕುದುರೆಗಳ ನಡುವೆ ಸೇರಿದೊಡನೆ ಬೇರೆಯೇ ಒಂದು ಪ್ರಾಣಿಯಾಗಿಬಿಡುವುದನ್ನು ಸವಾರಿ ಬಲ್ಲವರೆಲ್ಲರೂ ಕಂಡಿರುತ್ತಾರೆ. ಲಾಯದಿಂದ ಹೊರಟಾಗ ಬೆರಳಿನ ಸನ್ನೆಗೆ ನಿಲ್ಲುತ್ತಿದ್ದ ಕುದುರೆಯೇ, ಮುಂದಿನದು ದೌಡಾಯಿಸಿದ ಕ್ಷಣದಲ್ಲಿ ಕತ್ತನ್ನು ಚಾಚಿ, ಕಿವಿಗಳನ್ನು ನಿಮಿರಿಸಿ, ತೋಳು ಸೋಲುವಷ್ಟು ಲಗಾಮನ್ನು ಎಳೆಯತೊಡಗುತ್ತದೆ. ಬಾಯಲ್ಲಿರುವ ಕಬ್ಬಿಣ ಅದೇ; ಬೆನ್ನ ಮೇಲಿನ ಸವಾರನೂ ಅವನೇ; ಬದಲಾದುದು ಸಹವಾಸವೊಂದು ಮಾತ್ರ. ಹೀಗೆ ಉದ್ರೇಕಗೊಳ್ಳುವ ಕುದುರೆಯನ್ನು ಕೂಟದ ನಡುವೆ ಹತೋಟಿಯಲ್ಲಿಟ್ಟುಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನು ನಾವು ಈ ಭಾಷಣದಲ್ಲಿ ಚರಿತ್ರೆಯ ಕಡೆಯಿಂದ ನೋಡೋಣ.

ಇದು ಲಾಯದವರಿಗೂ ಜೂಜುಗುದುರೆಯವರಿಗೂ ಸೇರಿದ ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ರಾಜ್ಯಗಳ ಏಳುಬೀಳುಗಳು ಕುದುರೆಯ ಗೊರಸಿನ ಮೇಲೆ ನಿಂತಿದ್ದುವೆಂಬುದನ್ನು ನೆನೆದರೆ, ಪ್ರಶ್ನೆಯ ತೂಕವು ತಿಳಿಯುತ್ತದೆ. ಸಾವಿರ ಕುದುರೆಗಳನ್ನು ಮುಂದಕ್ಕೆ ಓಡಿಸುವುದು ಎಂದೂ ಕಷ್ಟವಾಗಿರಲಿಲ್ಲ. ಓಡಿದ ಸಾವಿರವನ್ನು ನಿಲ್ಲಿಸುವುದು, ತಿರುಗಿಸುವುದು, ಮತ್ತೆ ಸಾಲುಗೂಡಿಸುವುದು — ಇವೇ ಕಷ್ಟವಾದ ಕಾರ್ಯಗಳು. ಇದನ್ನು ಬಲ್ಲವರು ಗೆದ್ದರು. ಅರಿಯದವರು ಗೆದ್ದ ಯುದ್ಧವನ್ನೂ ಸೋತರು.

ಮೊದಲು ಕುದುರೆಯ ಸ್ವಭಾವವನ್ನು ಅರಿತುಕೊಳ್ಳೋಣ. ಅದು ಹುಲ್ಲು ಮೇಯುವ ಪ್ರಾಣಿ, ಕೊಂಬಿಲ್ಲ, ಪಂಜವಿಲ್ಲ, ಓಟವೇ ಅದರ ಕೋಟೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ನೆಲೆಸಿವೆ. ಆದುದರಿಂದ ಹಣೆಯ ಮುಂದಣ ಒಂದಿಷ್ಟು ಜಾಗವನ್ನೂ ಬಾಲದ ಹಿಂದಣ ಒಂದಿಷ್ಟು ಜಾಗವನ್ನೂ ಬಿಟ್ಟರೆ, ಸುತ್ತಲಿನ ಎಲ್ಲವೂ ಅದಕ್ಕೆ ಏಕಕಾಲದಲ್ಲಿ ಕಾಣುತ್ತದೆ. ಬಯಲಿನಲ್ಲಿ ಮೇಯುವ ಹಿಂಡಿನೊಳಗೆ ಒಂದು ಕುದುರೆ ಬೆದರಿತೆಂದರೆ ಉಳಿದವು ಕಾರಣವನ್ನು ವಿಚಾರಿಸಿಕೊಂಡು ಕುಳಿತಿರುವುದಿಲ್ಲ. ವಿಚಾರಿಸುತ್ತ ನಿಂತ ಕುದುರೆಯು ತೋಳನ ಬಾಯಿಗೆ ಬಿದ್ದಿತು; ಓಡಿದ ಕುದುರೆಯ ಸಂತಾನವು ಉಳಿಯಿತು. ಆದಕಾರಣ ಜೊತೆಯವರು ಓಡಿದಾಗ ಓಡುವುದು ಕುದುರೆಯ ದುರ್ಗುಣವಲ್ಲ; ಅದರ ಕುಲಧರ್ಮ. ಜೊತೆಯವು ಓಡುತ್ತಿದ್ದರೂ ನಿನ್ನ ಹೆಜ್ಜೆಯನ್ನು ನೀನು ಕಾಯ್ದುಕೋ ಎಂದು ಮನುಷ್ಯನು ಅದಕ್ಕೆ ಹೇಳುವಾಗ, ಆ ಧರ್ಮಕ್ಕೆ ವಿರುದ್ಧವಾದುದನ್ನೇ ಅವನು ಬೇಡುತ್ತಿದ್ದಾನೆ. ಇದನ್ನು ಬಲದಿಂದ ಪಡೆಯಬೇಕೆ, ಅಭ್ಯಾಸದಿಂದ ಪಡೆಯಬೇಕೆ ಎಂಬುದೇ ಕಡಿವಾಣದ ಚರಿತ್ರೆಯ ಮುಖ್ಯ ವಿವಾದ.

ಈ ವಿಷಯದಲ್ಲಿ ನಮಗೆ ದೊರೆತಿರುವ ಬಹು ಪ್ರಾಚೀನ ಬರಹವು ಮಣ್ಣಿನ ಹಲಗೆಗಳ ಮೇಲಿದೆ. ಇಂದಿನ ತುರ್ಕಿ ದೇಶದಲ್ಲಿದ್ದ ಹಿಟ್ಟೈಟರ ರಾಜಧಾನಿಯಾದ ಹತ್ತೂಷದಲ್ಲಿ, ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಗ್ರಂಥವು ದೊರೆಯಿತು. ಅದು ಇಂದಿಗೆ ಮೂರು ಸಾವಿರದ ಮುನ್ನೂರು ವರ್ಷಗಳಿಗಿಂತ ಹಿಂದಿನದು. ಅದರಲ್ಲಿ ಬರುವ ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ ಎಂಬ ಮಾತುಗಳು ನಮ್ಮ ಕಿವಿಗೆ ಪರಕೀಯವಲ್ಲ. ಒಂದು ಸುತ್ತು, ಮೂರು ಸುತ್ತು, ಐದು ಸುತ್ತು ಎಂದು ಸಂಸ್ಕೃತ ಬಲ್ಲವರು ಕೂಡಲೆ ಊಹಿಸಬಲ್ಲರು. ರಥಕ್ಕೆ ಕಟ್ಟುವ ಕುದುರೆಗಳನ್ನು ಇಂತಹ ದಿನ ಇಷ್ಟು ದೂರ ನಡೆಸಬೇಕು, ಇಷ್ಟು ದೂರ ಓಡಿಸಬೇಕು, ಯಾವಾಗ ನೀರು, ಯಾವಾಗ ಮೇವು, ಯಾವಾಗ ಮೈತೊಳೆಯುವುದು ಎಂಬುದನ್ನು ಕಿಕ್ಕುಲಿಯು ತಿಂಗಳುಗಟ್ಟಲೆಯ ದಿನಚರಿಯಾಗಿ ಬರೆಯಿಸಿದ್ದಾನೆ. ಗ್ರಂಥದ ಉಸಿರೆಲ್ಲ ಒಂದೇ: ಇಂದು ಸ್ವಲ್ಪ, ನಾಳೆ ಮತ್ತೂ ಸ್ವಲ್ಪ. ರಥದ ಕುದುರೆಯು ಎಂದೂ ಒಂಟಿಯಲ್ಲ. ನೊಗದ ಇನ್ನೊಂದು ಕಡೆಯಲ್ಲಿ ಅದರ ಜೊತೆಗಾರನಿರುತ್ತಾನೆ. ಆದ್ದರಿಂದ ಕೂಟದಲ್ಲಿ ಕುದುರೆಯನ್ನು ಪಳಗಿಸುವ ವಿದ್ಯೆಯು ಬಹಳ ಹಳೆಯದೆಂದು ಹೇಳಬಹುದು.

ಸವಾರಿಯ ವಿಷಯದಲ್ಲಿ ನಮ್ಮ ಕೈಗೆ ಪೂರ್ಣವಾಗಿ ಬಂದಿರುವ ಪ್ರಾಚೀನ ಗ್ರಂಥಗಳಲ್ಲಿ ಅಗ್ರಸ್ಥಾನವು ಗ್ರೀಕರ ಕ್ಸೆನೊಫನ್ನನದು. ಅವನು ಆಥೆನ್ಸಿನವನು, ಸಾಕ್ರಟೀಸನ ಶಿಷ್ಯ, ಸಿಪಾಯಿ. ಕ್ರಿ. ಪೂ. 401ರಲ್ಲಿ ಪಾರಸಿಕ ರಾಜಕುಮಾರನ ಪಕ್ಷದಲ್ಲಿ ಯುದ್ಧಕ್ಕೆ ಹೋದ ಹತ್ತು ಸಾವಿರ ಗ್ರೀಕರಲ್ಲಿ ಇವನೊಬ್ಬ. ಸವಾರಿಯನ್ನು ಕುರಿತು ಒಂದು ಪುಸ್ತಕವನ್ನೂ, ಅಶ್ವದಳದ ನಾಯಕನ ಕರ್ತವ್ಯಗಳನ್ನು ಕುರಿತು ಮತ್ತೊಂದನ್ನೂ ಇವನು ಬರೆದಿದ್ದಾನೆ. ಇವನ ಕಾಲದಲ್ಲಿ ರಿಕಾಪು ಇರಲಿಲ್ಲ. ತೊಡೆಯ ಬಿಗಿಯೇ ಸವಾರನಿಗೆ ಆಧಾರ. ಇಂತಹ ಸ್ಥಿತಿಯಲ್ಲಿ ಕುದುರೆಯೊಡನೆ ಬಲಪ್ರಯೋಗದ ಪಂದ್ಯವನ್ನು ಹೂಡುವುದು ಎಷ್ಟು ಅವಿವೇಕವೆಂಬುದು ಅವನಿಗೆ ಚೆನ್ನಾಗಿ ತಿಳಿದಿದ್ದಿತು.

ಕೆಚ್ಚು ಹೆಚ್ಚಾದ ಕುದುರೆಯ ವಿಷಯಕ್ಕೆ ಕ್ಸೆನೊಫನ್ನನು ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮನುಷ್ಯನಲ್ಲಿ ಕೋಪವು ಹೇಗೋ ಕುದುರೆಯಲ್ಲಿ ಕೆಚ್ಚು ಹಾಗೆ ಎಂಬುದು ಅವನ ಹೋಲಿಕೆ. ಕೆಣಕದಿದ್ದರೆ ಕೋಪಿಷ್ಠನೂ ಸುಮ್ಮನಿರುತ್ತಾನೆ. ಆದುದರಿಂದ ಹತ್ತುವಾಗಲೇ ಕುದುರೆಗೆ ನೋವಾಗಬಾರದು. ಹತ್ತಿದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ ಮೆಲ್ಲನೆ ಹೊರಡಿಸಬೇಕು. ನಿಧಾನದಿಂದ ವೇಗಕ್ಕೆ ಏರುವುದು ಕುದುರೆಗೆ ತಿಳಿಯದಂತೆ ಇರಬೇಕು. ತಡೆಯಬೇಕಾದರೆ ಥಟ್ಟನೆ ಜಗ್ಗದೆ ನಯವಾಗಿ ಎಳೆದುಕೊಳ್ಳಬೇಕು. ಒರಟು ಕಡಿವಾಣಕ್ಕಿಂತ ನುಣುಪಾದುದೇ ಇಂತಹ ಕುದುರೆಗೆ ತಕ್ಕುದು. ಚೆನ್ನಾಗಿ ಓಡಿಸಿ ದಣಿಸಿದರೆ ಅಡಗೀತೆಂದು ನಂಬುವವರನ್ನು ಅವನು ಎಚ್ಚರಿಸುತ್ತಾನೆ: ಓಡಿದಷ್ಟೂ ಕುದುರೆಯ ಆವೇಶವು ಏರುತ್ತದೆ, ದೀರ್ಘವಾದ, ಶಾಂತವಾದ ನಡಿಗೆಯೇ ಅದನ್ನು ಇಳಿಸುವ ಉಪಾಯ. ಮತ್ತೂ ಒಂದು ಮಾತನ್ನು ಅವನು ಸೇರಿಸುತ್ತಾನೆ. ಕೆಚ್ಚಿನ ಕುದುರೆಯನ್ನು ಇತರ ಕುದುರೆಗಳೊಡನೆ ಸ್ಪರ್ಧೆಗೆ ಬಿಡಬಾರದು. ಸ್ಪರ್ಧಾಶೀಲವಾದುದೇ ಸಾಮಾನ್ಯವಾಗಿ ಅತ್ಯಂತ ಉದ್ರೇಕಿಯಾಗಿರುವುದು.

ತುತ್ತೂರಿಯ ಧ್ವನಿಯನ್ನೋ ಯೋಧರ ಕೂಗನ್ನೋ ಕೇಳಿ ಕುದುರೆ ಕೆರಳಿದರೆ ಏನು ಮಾಡಬೇಕು? ಸವಾರನು ತಾನು ಗಾಬರಿಯಾದಂತೆ ಅದಕ್ಕೆ ತೋರಿಸಿಕೊಳ್ಳಬಾರದು. ಅದನ್ನು ನಿಲ್ಲಿಸಿ ಸಮಾಧಾನಪಡಿಸಬೇಕು. ಅವಕಾಶವಿದ್ದರೆ ಅಲ್ಲಿಯೇ ಅದಕ್ಕೆ ಮೇವನ್ನು ತಂದಿಡಬೇಕು. ಬೆದರಿದ ವಸ್ತುವಿನ ಬಳಿಗೆ ಕುದುರೆಯನ್ನು ಹೊಡೆದು ಒಯ್ದರೆ ಬೆದರಿಕೆ ಇಮ್ಮಡಿಸುವುದೆಂದೂ ಅವನು ಕಂಡುಕೊಂಡಿದ್ದ. ಪೆಟ್ಟಿನ ನೋವು ಆ ವಸ್ತುವಿನಿಂದಲೇ ಬಂದಿತೆಂದು ಕುದುರೆಯು ಭಾವಿಸುತ್ತದೆ. ಸವಾರನ ಗಾಬರಿಯು ಕುದುರೆಗೆ ಹರಿಯುವುದೆಂಬ ಅವನ ಮಾತಿಗೆ ಇತ್ತೀಚಿನ ವಿಜ್ಞಾನದ ಬೆಂಬಲವೂ ದೊರೆತಿದೆ. 2009ರಲ್ಲಿ ಸ್ವೀಡನ್ನಿನ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನೀವು ಮುಂದೆ ಹೋಗುವಾಗ ಪಕ್ಕದಲ್ಲಿ ಛತ್ರಿಯೊಂದನ್ನು ಬಿಚ್ಚಲಾಗುವುದೆಂದು ಸವಾರರಿಗೆ ಹೇಳಿದರು. ಆದರೆ ಛತ್ರಿಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತದೊಡನೆ ಕುದುರೆಗಳ ಎದೆಬಡಿತವೂ ಏರಿತು. ಇಲ್ಲದ ಛತ್ರಿಗೆ ಬೆದರಿದವನು ಸವಾರ. ಬೆದರಿದ ಸವಾರನಿಗೆ ಬೆದರಿದುದು ಕುದುರೆ.

ದಳನಾಯಕನಿಗಾಗಿ ಬರೆದ ಪುಸ್ತಕದಲ್ಲಿ ಕ್ಸೆನೊಫನ್ನನು ಇನ್ನಷ್ಟು ಕಠಿನನಾಗುತ್ತಾನೆ. ಹೇಳಿದ ಮಾತನ್ನು ಕೇಳದ ಕುದುರೆಯು ಮಿತ್ರರಿಗಿಂತ ಶತ್ರುಗಳಿಗೇ ಹೆಚ್ಚು ನೆರವಾಗುವುದು. ಒದೆಯುವ ಕುದುರೆಯನ್ನು ಸಾಲಿನಲ್ಲಿ ನಿಲ್ಲಿಸಲಾಗದು, ಅದನ್ನು ದಳದಿಂದ ತೆಗೆದುಬಿಡಬೇಕು. ಯುದ್ಧಕ್ಕೆ ಅತಿ ಕೆಚ್ಚಿನ ಕುದುರೆಯನ್ನು ಕೊಳ್ಳದಿರುವುದೇ ಎಲ್ಲ ಸಲಹೆಗಳಲ್ಲಿ ಉತ್ತಮವಾದುದು ಎಂದೂ ಅವನು ಬರೆದಿದ್ದಾನೆ. ಒಬ್ಬನ ಕುದುರೆಯ ಚಪಲವು ಒಬ್ಬನ ಸೊತ್ತಾಗಿ ಉಳಿಯದೆ, ಸಾಲಿನ ಎಲ್ಲರ ಪ್ರಾಣಕ್ಕೂ ತಗಲುವುದೆಂಬ ಅರಿವು ಇಲ್ಲಿದೆ.

ಇದೇ ತಿಳಿವಳಿಕೆಗೆ ಕಥೆಯ ರೂಪವನ್ನು ಕೊಟ್ಟವನು ಪ್ಲುಟಾರ್ಕ್. ಮಾಸಿಡೋನಿಯದ ದೊರೆ ಫಿಲಿಪ್ಪನ ಮುಂದೆ ಹದಿಮೂರು ಟ್ಯಾಲೆಂಟುಗಳ ಬೆಲೆಗೆ ತಂದು ನಿಲ್ಲಿಸಿದ ಬ್ಯೂಸಿಫಲಸ್ ಎಂಬ ಕುದುರೆಯು ಯಾರನ್ನೂ ಹತ್ತಗೊಡಲಿಲ್ಲ. ಅದು ತನ್ನ ನೆರಳಿಗೆ ತಾನೇ ಬೆದರುತ್ತಿರುವುದನ್ನು ಬಾಲಕ ಅಲೆಕ್ಸಾಂಡರನು ಕಂಡುಕೊಂಡನು. ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿ, ಮೈದಡವಿ, ಸ್ವಲ್ಪ ದೂರ ಜೊತೆಯಲ್ಲಿ ಓಡಿ, ಮೇಲಂಗಿಯನ್ನು ಸದ್ದಿಲ್ಲದೆ ಕೆಳಕ್ಕೆ ಜಾರಿಸಿ, ಹಾರಿ ಕುಳಿತನು. ಹೊಡೆಯದೆ, ಬಾಯಿಯನ್ನು ಹರಿಯದೆ ಹಿಡಿದುಕೊಂಡಿದ್ದು, ಅದರ ಭಯವು ಇಳಿದ ಮೇಲೆ ಓಡಲು ಬಿಟ್ಟನು. ಕಥೆಯಲ್ಲಿ ಬಣ್ಣವಿರಬಹುದು, ಆದರೆ ಅದರ ತತ್ತ್ವವು ಕ್ಸೆನೊಫನ್ನನದೇ. ಭಯದ ಕಾರಣವನ್ನು ಕಂಡುಹಿಡಿದು ತೆಗೆದುಹಾಕುವುದು ಮೊದಲು, ಲಗಾಮು ಆಮೇಲೆ. ಆ ಕುದುರೆಯು ಕ್ರಿ. ಪೂ. 326ರಲ್ಲಿ ಪಂಜಾಬಿನ ಝೇಲಂ ತೀರದ ದಂಡಯಾತ್ರೆಯ ಕಾಲದಲ್ಲಿ ಸತ್ತಿತು. ಅದರ ಹೆಸರಿನಲ್ಲಿ ಅಲೆಕ್ಸಾಂಡರನು ಅಲ್ಲಿ ಒಂದು ಊರನ್ನೇ ಕಟ್ಟಿಸಿದನು.

ನಮ್ಮ ದೇಶದ ಶಾಸ್ತ್ರಕಾರರೂ ಈ ವಿಷಯದಲ್ಲಿ ಹಿಂದುಳಿದವರಲ್ಲ. ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳಿಗೆ ಒಂದು ಪ್ರಕರಣವೇ ಇದೆ. ಅಲ್ಲಿ ಕುದುರೆಗಳನ್ನು ತೀಕ್ಷ್ಣ, ಭದ್ರ, ಮಂದ ಎಂದು ವಿಂಗಡಿಸಿ, ಸ್ವಭಾವವನ್ನು ನೋಡಿ ಯುದ್ಧಕ್ಕೋ ಸವಾರಿಗೋ ನೇಮಿಸಬೇಕೆಂದು ವಿಧಿಸಿದೆ. ತೀಕ್ಷ್ಣವಾದುದನ್ನು ಬಡಿದು ಮಂದವಾಗಿಸಬೇಕೆಂಬ ಮಾತು ಅಲ್ಲಿಲ್ಲ. ತಕ್ಕುದಕ್ಕೆ ತಕ್ಕ ಕೆಲಸ ಎಂಬುದೇ ಅಲ್ಲಿಯ ಆಡಳಿತನೀತಿ. ಕನ್ನಡನಾಡಿನ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲಿವಿನೋದವೆಂಬ ಭಾಗವಿದೆ. ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡನ್ನು ಹೊಡೆಯುವ ಆಟವು ಅಲ್ಲಿ ವರ್ಣಿತವಾಗಿದೆ. ವಾಹ್ಯಾಲಿಯೆಂದರೆ ಕುದುರೆಯನ್ನು ಆಡಿಸುವ ಬಯಲು. ನಮ್ಮ ಹಳೆಯ ಕನ್ನಡದ ವೈಹಾಳಿಯು ಈ ಮಾತಿನ ನೆಂಟನೇ. ಈ ಚೆಂಡಾಟಕ್ಕಿಂತ ಕಠಿನವಾದ ಪರೀಕ್ಷೆಯು ಕೆಚ್ಚಿನ ಕುದುರೆಗೆ ಬೇರೆ ಇರಲಾರದು. ಇತರ ಕುದುರೆಗಳೊಡನೆ ಮೈಗೆ ಮೈ ತಾಗಿಸಿ ಪೂರ್ಣವೇಗದಲ್ಲಿ ಓಡಬೇಕು. ಚೆಂಡು ಹಿಂದೆ ಉಳಿದ ನಿಮಿಷದಲ್ಲಿ, ಜೊತೆಯವು ಮುಂದೆ ಹೋಗುತ್ತಿದ್ದರೂ, ನಿಂತು ತಿರುಗಬೇಕು. ಅರಸರ ವಿನೋದವೆಂದು ಕಾಣುವ ಈ ಆಟವು ಸೇನೆಯ ಪಾಠಶಾಲೆಯೂ ಆಗಿದ್ದಿತೆಂದು ನಾವು ತಿಳಿಯಬಹುದು.

ಇನ್ನು ಈ ಪಾಠವನ್ನು ಕಲಿಯದವರ ಗತಿಯನ್ನು ನೋಡೋಣ. ಇಂಗ್ಲೆಂಡಿನಲ್ಲಿ ದೊರೆ ಒಂದನೆಯ ಚಾರಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ, ದೊರೆಯ ಅಶ್ವಸೇನೆಗೆ ಅವನ ಸೋದರಳಿಯನಾದ ರಾಜಕುಮಾರ ರೂಪರ್ಟನು ನಾಯಕನಾಗಿದ್ದನು. 1642ರ ಅಕ್ಟೋಬರ್ 23ರಂದು ಎಜ್‌ಹಿಲ್ ಎಂಬಲ್ಲಿ ಅವನ ಸವಾರರು ಬಿರುಗಾಳಿಯಂತೆ ನುಗ್ಗಿ ಎದುರಿನ ದಳವನ್ನು ಮುರಿದರು. ಮುರಿದುದಾಯಿತು, ನಿಲ್ಲಲು ಮಾತ್ರ ಆಗಲಿಲ್ಲ. ಅಟ್ಟಿಸಿಕೊಂಡು ಕೈನ್‌ಟನ್ ಊರಿನವರೆಗೂ ಓಡಿ, ಅಲ್ಲಿ ಶತ್ರುವಿನ ಸಾಮಾನು ಬಂಡಿಗಳನ್ನು ಲೂಟಿಮಾಡುತ್ತ ನಿಂತರು. ಅಷ್ಟರಲ್ಲಿ ದೊರೆಯ ಕಾಲಾಳುಗಳು ಕುದುರೆಯ ನೆರವಿಲ್ಲದೆ ನುಚ್ಚುನೂರಾಗುತ್ತಿದ್ದರು. ಅಂದೇ ಮುಗಿಯಬಹುದಾಗಿದ್ದ ಯುದ್ಧವು ವರ್ಷಗಳ ಕಾಲ ಬೆಳೆಯಿತು. 1645ರ ಜೂನ್ 14ರಂದು ನೇಸ್‌ಬಿಯಲ್ಲಿ ರೂಪರ್ಟನು ಮತ್ತೆ ತನ್ನ ಪಾರ್ಶ್ವದಲ್ಲಿ ಗೆದ್ದನು. ಮತ್ತೆ ಸಾಮಾನು ಬಂಡಿಗಳವರೆಗೂ ಓಡಿದನು. ಹಿಂದಿರುಗಿ ಬರುವಷ್ಟರಲ್ಲಿ ದೊರೆಯ ಕಾಲಾಳುಸೇನೆಯೇ ಇಲ್ಲವಾಗಿದ್ದಿತು.

ಎದುರು ಪಕ್ಷದಲ್ಲಿದ್ದ ಆಲಿವರ್ ಕ್ರಾಮ್‌ವೆಲ್ಲನು ಹುಟ್ಟು ಸೇನಾನಿಯಲ್ಲ. ನಡುವಯಸ್ಸಿನಲ್ಲಿ ಖಡ್ಗ ಹಿಡಿದ ಹಳ್ಳಿಯ ಜಮೀನುದಾರ. ಆದರೆ ಕೂಟದ ಕುದುರೆಯ ಗುಟ್ಟನ್ನು ಅವನು ಅರಿತಿದ್ದನು. ಅವನ ಸವಾರರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಒತ್ತಾಗಿ, ನಾಗಾಲೋಟದಲ್ಲಲ್ಲ, ಕುಕ್ಕುಲೋಟದಲ್ಲಿ ಎದುರಿಗೆ ಹೋಗುತ್ತಿದ್ದರು. ಒಂದು ದಳವನ್ನು ಮುರಿದೊಡನೆ ನಿಂತು, ಸಾಲುಗೂಡಿ, ಮುಂದಿನ ಅಪ್ಪಣೆಗಾಗಿ ಕಾಯುತ್ತಿದ್ದರು. 1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಎಂಬಲ್ಲಿ ಒಂದು ಪಾರ್ಶ್ವವನ್ನು ಗೆದ್ದ ಅವನ ದಳವು, ರಣರಂಗದ ಹಿಂಬದಿಯಿಂದ ಹಾದುಹೋಗಿ ಇನ್ನೊಂದು ಪಾರ್ಶ್ವವನ್ನೂ ಗೆದ್ದಿತು. ದೊರೆಯ ಪಕ್ಷದ ಇತಿಹಾಸಕಾರನಾದ ಕ್ಲಾರೆಂಡನನೇ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದ್ದಾನೆ: ದೊರೆಯವರು ಗೆದ್ದಾಗಲೂ ಮತ್ತೆ ಕೂಡುತ್ತಿದ್ದುದು ಅಪರೂಪ, ಕ್ರಾಮ್‌ವೆಲ್ಲನವರು ಗೆದ್ದಾಗಲೂ ಸೋತಾಗಲೂ ಕೂಡುತ್ತಿದ್ದರು. ಶೌರ್ಯವು ಎರಡು ಕಡೆಯಲ್ಲಿಯೂ ಇದ್ದಿತು. ರಾಜ್ಯವನ್ನು ನಿರ್ಣಯಿಸಿದುದು ಶೌರ್ಯವಲ್ಲ, ನಿಲುಗಡೆ.

ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ಕನ ಸೇನಾನಿ ಜೈಡ್ಲಿಟ್ಜನು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದನು. ಪೂರ್ಣವೇಗದಲ್ಲಿ ಓಡುತ್ತಿರುವ ದಳವನ್ನೂ ಹತೋಟಿಯಲ್ಲಿಡಬಹುದೆಂದು ಅವನು ತೋರಿಸಿದನು. 1757ರ ನವೆಂಬರ್ 5ರಂದು ರಾಸ್‌ಬಾಖ್ ಎಂಬಲ್ಲಿ ಅವನ 38 ತುಕಡಿಗಳು ಶತ್ರುವಿನ ಅಶ್ವಸೇನೆಯನ್ನು ಚದರಿಸಿದುವು. ಅಟ್ಟಿಕೊಂಡು ಹೋಗುವ ಆಸೆಗೆ ಒಳಗಾಗದೆ ಅವನು ಕೂಡುವ ತುತ್ತೂರಿಯನ್ನು ಊದಿಸಿದನು. ಸಾಲುಗಟ್ಟಿ ಮತ್ತೊಂದು ಕಡೆಯಿಂದ ಶತ್ರುವಿನ ಕಾಲಾಳುಗಳ ಮೇಲೆ ಬಿದ್ದನು. ಇದು ಒಂದು ದಿನದ ಅದೃಷ್ಟವಲ್ಲ. ವರ್ಷಗಟ್ಟಲೆಯ ಕವಾಯತಿನ ಫಲ.

ಆದರೂ ಈ ಪಾಠವು ಒಂದು ತಲೆಮಾರು ಕಲಿತು ಮುಂದಿನದು ಮರೆಯುವ ಪಾಠವಾಗಿ ಕಾಣುತ್ತದೆ. 1812ರಲ್ಲಿ ಸ್ಪೇನಿನ ಮಗಿಲ್ಲಾ ಎಂಬಲ್ಲಿ ಆಂಗ್ಲೇಯ ಸವಾರರು ಫ್ರೆಂಚರನ್ನು ಓಡಿಸುತ್ತ ತಾವೇ ಚದರಿಹೋಗಿ, ಶತ್ರುವಿನ ಮೀಸಲು ದಳಕ್ಕೆ ಸಿಕ್ಕಿ ಸೋತರು. ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಹಿಂದೆ ಭಾಗವಹಿಸಿದ್ದ ವೆಲಿಂಗ್‌ಟನ್ನನು ಆಗ ಅವರ ದಂಡನಾಯಕ. ಕಂಡದ್ದರ ಮೇಲೆಲ್ಲ ನಾಗಾಲೋಟದಲ್ಲಿ ಬೀಳುವುದನ್ನೂ ಮೀಸಲು ಇಡದಿರುವುದನ್ನೂ ಕುರಿತು ಅವನು ಕಟುವಾಗಿ ಬರೆದನು. ಮೂರೇ ವರ್ಷಗಳ ಮೇಲೆ, 1815ರ ಜೂನ್ 18ರಂದು, ವಾಟರ್‌ಲೂ ರಣರಂಗದಲ್ಲಿ ಅದೇ ನಾಟಕವು ದೊಡ್ಡದಾಗಿ ನಡೆಯಿತು. ಆಂಗ್ಲೇಯರ ಎರಡು ಭಾರೀ ಅಶ್ವದಳಗಳು ಇಳಿಜಾರಿನಲ್ಲಿ ನುಗ್ಗಿ ಫ್ರೆಂಚರ ಕಾಲಾಳುಗಳನ್ನು ಮುರಿದು, ಎರಡು ಗರುಡಧ್ವಜಗಳನ್ನು ಕಿತ್ತುಕೊಂಡುವು. ಅಲ್ಲಿ ನಿಂತಿದ್ದರೆ ಅದು ಅಚ್ಚಳಿಯದ ವಿಜಯ. ಆದರೆ ಕುದುರೆಗಳು ಒಂದನ್ನೊಂದು ನೋಡಿ ಓಡಿದುವು, ಸವಾರರೂ ಹಾಗೆಯೇ. ಎದುರು ದಿಬ್ಬದ ತೋಪುಗಳವರೆಗೂ ಹೋಗುವಷ್ಟರಲ್ಲಿ ಕುದುರೆಗಳು ಏದುಸಿರು ಬಿಡುತ್ತಿದ್ದುವು. ಆಗ ಫ್ರೆಂಚರ ಭಲ್ಲೆಯ ಸವಾರರು ದಣಿಯದ ಕುದುರೆಗಳ ಮೇಲೆ ಪಕ್ಕದಿಂದ ಬಂದರು. ದಳನಾಯಕ ಪಾನ್ಸನ್‌ಬಿಯು ಹತನಾದನು. ಹೋದವರಲ್ಲಿ ಬಹುಮಂದಿ ಹಿಂದಿರುಗಲಿಲ್ಲ. ಅಶ್ವಸೇನೆಯ ಮುಖ್ಯನಾದ ಅಕ್ಸ್‌ಬ್ರಿಜ್ ಪ್ರಭುವು ತಾನು ಮೊದಲ ಸಾಲಿನೊಡನೆ ನುಗ್ಗದೆ, ಎರಡನೆಯ ಸಾಲಿನಲ್ಲಿದ್ದು ಅವರಿಗೆ ಬೆಂಬಲವಾಗಬೇಕಾಗಿದ್ದಿತೆಂದು ಮುಂದೆ ಹಲುಬಿದನು. ಹತೋಟಿಯಲ್ಲಿಡಬೇಕಾದವನೇ ಓಟದ ಮತ್ತಿಗೆ ಸಿಕ್ಕಿದ ಮೇಲೆ ಉಳಿದವರನ್ನು ಹಿಡಿಯುವವರಾರು?

ಈ ಚರಿತ್ರೆಯ ಮುಂದಿನ ಅಧ್ಯಾಯವು ನಮ್ಮ ಬೆಂಗಳೂರಿನ ದಂಡುಪ್ರದೇಶಕ್ಕೂ ಸಂಬಂಧಪಟ್ಟಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಹದಿನೈದನೆಯ ಹುಸಾರ್ ಎಂಬ ಆಂಗ್ಲ ಅಶ್ವದಳವು ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದಿತು. ಅದರಲ್ಲಿ ಲೂಯಿ ಎಡ್ವರ್ಡ್ ನೋಲನ್ ಎಂಬ ತರುಣ ಅಧಿಕಾರಿಯಿದ್ದನು. ಅವನು ಮೊದಲು ಆಸ್ಟ್ರಿಯದ ಸೇನೆಯಲ್ಲಿ ಸವಾರಿಯನ್ನು ಕಲಿತವನು. ಹೊಸ ಕುದುರೆಗಳನ್ನು ಒರಟುತನವಿಲ್ಲದೆ ಹಂತಹಂತವಾಗಿ ಪಳಗಿಸುವ ಕ್ರಮವನ್ನು ಕುರಿತು 1852ರಲ್ಲಿ ಒಂದು ಪುಸ್ತಕವನ್ನೂ, ಅಶ್ವಸೇನೆಯ ಚರಿತ್ರೆ ಮತ್ತು ತಂತ್ರಗಳನ್ನು ಕುರಿತು 1853ರಲ್ಲಿ ಮತ್ತೊಂದನ್ನೂ ಪ್ರಕಟಿಸಿದನು. ಕುದುರೆಯ ಮನಸ್ಸನ್ನು ಇಷ್ಟು ಅರಿತಿದ್ದವನು ತನ್ನ ಮನಸ್ಸನ್ನು ಹಿಡಿಯಲಾರದೆ ಹೋದುದು ವಿಧಿಯ ಅಣಕ. 1854ರ ಅಕ್ಟೋಬರ್ 25ರಂದು ಕ್ರಿಮಿಯದ ಬಾಲಕ್ಲಾವದಲ್ಲಿ ಲಘು ಅಶ್ವದಳಕ್ಕೆ ಅಪ್ಪಣೆಯನ್ನು ತಂದವನು ಇವನೇ. ಯಾವ ತೋಪುಗಳೆಂದು ಕೇಳಿದಾಗ ಸಹನೆಗೆಟ್ಟು ಅಸ್ಪಷ್ಟವಾಗಿ ಕೈತೋರಿದನು. ಆರುನೂರಕ್ಕೂ ಮಿಕ್ಕ ಸವಾರರು ಬೇರೊಂದು ಕಣಿವೆಯೊಳಗೆ, ಮೂರು ಕಡೆಯ ತೋಪುಗಳ ಬಾಯಿಗೆ ನುಗ್ಗಿದರು. ಮೊದಲು ಮಡಿದವರಲ್ಲಿ ನೋಲನ್ನನೂ ಒಬ್ಬ.

ಆ ಕಣಿವೆಯಲ್ಲಿ ಕಂಡ ಒಂದು ದೃಶ್ಯವು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಸವಾರರನ್ನು ಕಳೆದುಕೊಂಡ ಕುದುರೆಗಳು ಓಡಿಹೋಗಿ ತಪ್ಪಿಸಿಕೊಳ್ಳಲಿಲ್ಲ. ಅವು ಮತ್ತೆ ಸಾಲನ್ನು ಹುಡುಕಿಕೊಂಡು ಬಂದು, ತಮ್ಮ ಎಡೆಯನ್ನು ಬೇಡುವಂತೆ, ಬದುಕಿರುವ ಸವಾರರ ಮಗ್ಗುಲಿಗೆ ಒತ್ತಿಕೊಂಡುವು. ದಳವೊಂದರ ಮುಂದೆ ಒಂಟಿಯಾಗಿ ಸಾಗುತ್ತಿದ್ದ ಲಾರ್ಡ್ ಜಾರ್ಜ್ ಪೇಜೆಟ್ಟನು ಎರಡು ಕಡೆಯಿಂದಲೂ ಇಂತಹ ಕುದುರೆಗಳ ಒತ್ತಡಕ್ಕೆ ಸಿಕ್ಕಿ, ಅವುಗಳನ್ನು ದೂಡಿಕೊಂಡು ಮುನ್ನಡೆಯಬೇಕಾಯಿತು. ಗುಂಪಿನಲ್ಲಿ ಕುದುರೆಯನ್ನು ಕೆರಳಿಸುವ ಬುದ್ಧಿಯೇ ಗುಂಪಿನಲ್ಲಿ ಅದನ್ನು ನಿಲ್ಲಿಸುವ ಬುದ್ಧಿಯೂ ಆಗಿದೆ. ಜೊತೆಯವರೊಡನೆ ಇರಬೇಕೆಂಬ ಒಂದೇ ಹಂಬಲದ ಎರಡು ಮುಖಗಳಿವು. ಜೊತೆಯವು ಓಡಿದರೆ ಅದು ಓಡುವುದು; ಜೊತೆಯವು ನೆಮ್ಮದಿಯಿಂದ ನಡೆದರೆ ಅದೂ ನೆಮ್ಮದಿಗೆ ಬರುವುದು. ಜಾಣನಾದ ಶಿಕ್ಷಕನು ಈ ಹಂಬಲದೊಡನೆ ಹೋರಾಡುವುದಿಲ್ಲ; ಅದನ್ನೇ ಕಡಿವಾಣವಾಗಿ ಮಾಡಿಕೊಳ್ಳುತ್ತಾನೆ.

ಮೈಸೂರಿನ ಸವಾರರು ಈ ವಿದ್ಯೆಯಲ್ಲಿ ಪಡೆದ ಕೀರ್ತಿಯನ್ನು ಹೇಳದೆ ಈ ಕಥೆಯು ಮುಗಿಯಲಾರದು. 1807ರ ಒಡಂಬಡಿಕೆಯ ಪ್ರಕಾರ ಮೈಸೂರು ಸಂಸ್ಥಾನವು ನಾಲ್ಕು ಸಾವಿರ ಸಿಲ್ಲೇದಾರ್ ಸವಾರರನ್ನು ಇಟ್ಟಿರಬೇಕಾಗಿದ್ದಿತು. ಸಿಲ್ಲೇದಾರನೆಂದರೆ ಸ್ವಂತ ಕುದುರೆಯನ್ನು ತಂದು ಚಾಕರಿ ಮಾಡುವವನು. ಕುದುರೆ ಸತ್ತರೆ ಬದುಕೇ ಮುಳುಗಿತು, ಆದಕಾರಣ ಅವನು ಅದನ್ನು ಕಣ್ಣಿನಂತೆ ಕಾಯುತ್ತಿದ್ದನು. ಆ ಶತಮಾನದ ಕೊನೆಯಲ್ಲಿ ಸಂಸ್ಥಾನದ ಕುದುರೆಪಡೆಯಿಂದಲೇ ಹೊಸ ಕವಾಯತಿನ ಮೈಸೂರು ಲ್ಯಾನ್ಸರ್ಸ್ ದಳವು ರೂಪುಗೊಂಡಿತು. ಮೊದಲನೆಯ ಮಹಾಯುದ್ಧದಲ್ಲಿ ಈ ದಳವು ಜೋಧಪುರ ಮತ್ತು ಹೈದರಾಬಾದುಗಳ ಲ್ಯಾನ್ಸರುಗಳೊಡನೆ ಸೇರಿ ಈಜಿಪ್ಟ್ ಮತ್ತು ಪ್ಯಾಲಸ್ಟೈನ್ ರಂಗಗಳಲ್ಲಿ ಕಾದಿತು.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯಬೇಕಾಗಿದ್ದಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಜೌಗು. ನಡುವಣ ಇಕ್ಕಟ್ಟಾದ ದಾರಿಯ ಮೇಲೆ ತುರ್ಕರ ಯಂತ್ರಬಂದೂಕುಗಳು, ಬೆಟ್ಟದ ಮೇಲೆ ತೋಪುಗಳು. ಮೈಸೂರಿನ ಒಂದು ತುಕಡಿಯು ಕಡಿದಾದ ಬೆಟ್ಟವನ್ನು ಹತ್ತಿಹೋಗಿ, ದಾರಿಯಲ್ಲಿ ಹಲವು ಕುದುರೆಗಳು ಸೋತು ಹಿಂದುಳಿದರೂ, ಉಳಿದ ಕೆಲವೇ ಸವಾರರೊಡನೆ ತೋಪುಗಳ ಮೇಲೆ ಬಿದ್ದಿತು. ಕೆಳಗೆ ಜೋಧಪುರದವರು ಮಧ್ಯಾಹ್ನ ಎರಡು ಗಂಟೆಗೆ ನಾಗಾಲೋಟದಲ್ಲಿ ಹೊರಟರು. ಹೊಳೆಯ ದಡವು ಹೂಳುವ ಮರಳೆಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿಯಿತು. ಆಗ ಆ ದಳವು ಗುಂಡಿನ ಮಳೆಯಲ್ಲಿ, ಓಟದ ನಡುವೆ, ಎಡಕ್ಕೆ ಹೊರಳಿ, ಬೆಟ್ಟದ ಬುಡದ ಯಂತ್ರಬಂದೂಕುಗಳನ್ನು ತುಳಿದು ದಾರಿಯನ್ನು ತೆರೆಯಿತು. ಅವರ ಹಿಂದೆ ಮೈಸೂರಿನವರು ಪಟ್ಟಣದೊಳಕ್ಕೆ ನುಗ್ಗಿದರು. ಸುಮಾರು 1,350 ಮಂದಿ ಸೆರೆಸಿಕ್ಕಿದರು. 17 ತೋಪುಗಳು ಕೈಸೇರಿದುವು. ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳಲ್ಲಿ 60 ಸತ್ತು 83 ಗಾಯಗೊಂಡುವು. ಜೋಧಪುರದ ಮೇಜರ್ ದಲಪತ್ ಸಿಂಗನು ಅಂದು ಮಡಿದನು.

ಈ ಎರಡು ಲೆಕ್ಕಗಳನ್ನು ಹೊಂದಿಸಿ ನೋಡಿದರೆ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಮನುಷ್ಯರಿಗೆ ಬರಬೇಕಾಗಿದ್ದ ಸಾವಿನ ಬಹುಭಾಗವನ್ನು ಆ ದಿನ ಕುದುರೆಗಳು ಹೊತ್ತುವು. ಎಜ್‌ಹಿಲ್ಲಿನ ಕುದುರೆಯಾಗಿದ್ದರೆ ಹೂಳುವ ಮರಳಿನೊಳಕ್ಕೆ ಒಂದರ ಹಿಂದೆ ಒಂದು ಇಳಿದುಹೋಗುತ್ತಿದ್ದುವು. ಹೈಫಾದಲ್ಲಿ ಅವು ಹೊರಳಿದುವು. ಆ ಒಂದು ಹೊರಳು ಬಾಯಿಯ ಕಬ್ಬಿಣದಿಂದ ಆದುದಲ್ಲ. ಪ್ರತಿ ಬೆಳಗಿನ ಕವಾಯತು, ಪ್ರತಿ ಸಂಜೆಯ ಮಾಲೀಸು, ನಾಲ್ಕು ವರ್ಷಗಳ ರಣರಂಗದ ಸಹವಾಸ ಇವೆಲ್ಲ ಕೂಡಿ ಆದುದು. 1953ರಲ್ಲಿ ಸಂಸ್ಥಾನಗಳ ಕುದುರೆಪಡೆಗಳನ್ನು ಒಟ್ಟುಗೂಡಿಸಿ ಭಾರತ ಸೇನೆಯ 61ನೆಯ ಅಶ್ವದಳವನ್ನು ನಿರ್ಮಿಸಿದಾಗ ಮೈಸೂರಿನ ಪರಂಪರೆಯೂ ಅದರೊಳಗೆ ಸೇರಿತು.

ಯುದ್ಧದ ಕುದುರೆಯ ಕಾಲವು ಮುಗಿಯಿತು. ಆದರೆ ವಿದ್ಯೆಯು ಮುಗಿಯಲಿಲ್ಲ. ಮೈಸೂರಿನ ದಸರಾ ಮೆರವಣಿಗೆಗೆ ಮುಂಚೆ ಆನೆಗಳ ಜೊತೆಗೆ ಪೊಲೀಸ್ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ, ಕುಶಾಲು ತೋಪಿನ ಸದ್ದನ್ನು ಅಭ್ಯಾಸ ಮಾಡಿಸುವುದನ್ನು ನಗರದವರೆಲ್ಲರೂ ಬಲ್ಲರು. ಹಳೆಯ ಕುದುರೆಗಳು ಅಲುಗಾಡದೆ ನಿಂತಿರುವಾಗ ಹೊಸದು ಮೊದಲ ಸದ್ದಿಗೆ ಹಿಂಗಾಲ ಮೇಲೆ ಏಳುತ್ತದೆ. ಕೆಲವು ದಿನಗಳಲ್ಲಿ ಅದೂ ಕಿವಿಯನ್ನು ಮಾತ್ರ ಅಲುಗಿಸಿ ಸುಮ್ಮನಾಗುತ್ತದೆ. ತುತ್ತೂರಿಗೆ ಬೆದರಿದ ಕುದುರೆಯ ಮುಂದೆ ಮೇವನ್ನು ಇಡಿರೆಂದ ಗ್ರೀಕನು ಇಲ್ಲಿ ನಿಂತು ನೋಡಿದ್ದರೆ ತನ್ನ ಶಿಷ್ಯರನ್ನು ಗುರುತಿಸುತ್ತಿದ್ದನು.

ಇಂದು ವಿನೋದಕ್ಕಾಗಿ ಕೂಡಿ ಸವಾರಿ ಹೋಗುವವರಿಗೂ ಈ ಚರಿತ್ರೆಯು ಕೆಲವು ಮಾತುಗಳನ್ನು ಉಳಿಸಿದೆ. ಚಪಲವಾದ ಕುದುರೆಯನ್ನು ಹಿಂಡಿನ ನಡುವೆ ತುರುಕುವುದಕ್ಕಿಂತ ಶಾಂತವಾದ ಹಳೆಯ ಕುದುರೆಯೊಂದರ ಮಗ್ಗುಲಲ್ಲಿ ನಡೆಸುವುದು ಮೇಲು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಕುದುರೆಯಷ್ಟಾದರೂ ಎಡೆಯಿರಬೇಕು. ವೇಗವನ್ನು ಬದಲಿಸುವ ಮುಂಚೆ ಮುಂದಿನವನು ಹಿಂದಿನವರಿಗೆ ತಿಳಿಸಬೇಕು. ಎಲ್ಲರೂ ಸಿದ್ಧರಾದ ಮೇಲೆಯೇ ಬದಲಿಸಬೇಕು. ಲಾಯದ ಕಡೆಗೆ ತಿರುಗಿದ ದಾರಿಯಲ್ಲಿ ಓಡಿಸಬಾರದು. ಲಗಾಮನ್ನು ಬಿಗಿಹಿಡಿದೇ ಇರಬಾರದು. ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು, ಏಕೆಂದರೆ ಎಡೆಬಿಡದ ಎಳೆತವನ್ನು ಒರಗುಗಂಬವಾಗಿ ಮಾಡಿಕೊಂಡು ಕುದುರೆಯು ಮತ್ತಷ್ಟು ಎಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಕೂಟದ ವೇಗವನ್ನು ಅತ್ಯಂತ ದುರ್ಬಲನಾದ ಸವಾರನನ್ನೂ ಅತ್ಯಂತ ಅಳುಕಿನ ಕುದುರೆಯನ್ನೂ ನೋಡಿ ನಿಶ್ಚಯಿಸಬೇಕು. ಹಿಂದಿನವನ ಕುದುರೆ ಕೆರಳಿದ್ದು ಅವನ ಪಾಡೆಂದು ಮುಂದಿನವನು ದೌಡಾಯಿಸಿದರೆ, ಬಿದ್ದವನ ಮೂಳೆಗೆ ಓಡಿಸಿದವನೂ ಹೊಣೆಗಾರನೇ.

ಕುದುರೆಯ ಬಾಯಿಗೆ ಮನುಷ್ಯನು ಬಗೆಬಗೆಯ ಕಬ್ಬಿಣವನ್ನು ತೊಡಿಸಿ ನೋಡಿದ್ದಾನೆ. ಮುಳ್ಳಿನದು, ಸರಪಳಿಯದು, ಸನ್ನೆಗೋಲಿನಂತೆ ದವಡೆಯನ್ನು ಅಮುಕುವುದು. ಓಡಬೇಕೆಂದು ನಿಶ್ಚಯಿಸಿದ ಕುದುರೆಯನ್ನು ಅವುಗಳಲ್ಲಿ ಯಾವುದೂ ನೆಚ್ಚಿಕೆಯಾಗಿ ನಿಲ್ಲಿಸಲಿಲ್ಲ, ಏಕೆಂದರೆ ನೋವೂ ಅದಕ್ಕೆ ಓಡಲು ಮತ್ತೊಂದು ಕಾರಣವೇ. ನಿಲ್ಲಿಸಿದುದು ನೆಮ್ಮದಿಯ ಅಭ್ಯಾಸ, ತಾನೇ ಬೆದರದ ಸವಾರ, ಮತ್ತು ಪಕ್ಕದಲ್ಲಿ ಹೆಜ್ಜೆಗೆಡದೆ ನಡೆಯುವ ಜೊತೆಗಾರ. ಈ ಮೂರನ್ನೂ ಯಾವ ಕಮ್ಮಾರನೂ ಒಂದು ದಿನದಲ್ಲಿ ಮಾಡಿಕೊಡಲಾರನು. ಆದುದರಿಂದಲೇ ಅವು ದುರ್ಲಭವಾದುವು. ಆದುದರಿಂದಲೇ ಪ್ರತಿಯೊಂದು ತಲೆಮಾರೂ ಅವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗಿದೆ.